ಕಪ್ಪು ತುಂಬಿದವರು

ಮಧ್ಯಾಹ್ನದ ಮೂರನೇ ಪೀರಿಯಡ್. ಪ್ರೊಜೆಕ್ಟರಿನ ಬಿಸಿ ಉಸಿರು.
ಸುಣ್ಣ ಉದುರಿದ ಗೋಡೆಯ ಮೇಲೆ ಗ್ರೀಕರ ಹೂಜಿ:
ಕಪ್ಪಿನ ನಡುವೆ ಕೆಂಪಗೆ ಉಳಿದ ಹುಡುಗ
ಬಗ್ಗಿ ಚಪ್ಪಲಿ ಕಟ್ಟಿಕೊಳ್ಳುತ್ತಿದ್ದಾನೆ
ಎರಡೂವರೆ ಸಾವಿರ ವರ್ಷದಿಂದ.

ಕೆಂಪು ಬಳಿದದ್ದಲ್ಲ, ಬಿಟ್ಟದ್ದು, ಎಂದೆ.
ಅದು ಮಣ್ಣಿನದೇ ಬಣ್ಣ.
ಗೆರೆ ಎಳೆದು ಹುಡುಗನನ್ನು ಬಿಟ್ಟುಕೊಟ್ಟು
ಸುತ್ತಲಿನ ಜಗತ್ತಿಗೆಲ್ಲ ಕಪ್ಪು ಹಚ್ಚಿದರು.
ಭಟ್ಟಿಗೆ ಮೊದಲು ಗಾಳಿ, ಆಮೇಲೆ ಹೊಗೆ, ಮತ್ತೆ ಗಾಳಿ.
ಬರೆದವರ ಹೆಸರು? ಬಹಳ ಮಂದಿಯದು ಗೊತ್ತಿಲ್ಲ.
ಕಿವಿಯ ಸುರುಳಿ, ಕಾಲ ಹರಡಿನ ಗೆರೆ ನೋಡಿ
ಇದೂ ಅದೂ ಒಂದೇ ಕೈ ಅಂತ ಪಂಡಿತರು ಗುರುತು ಹಿಡಿದರು;
ಹೂಜಿ ಈಗ ಯಾವ ಊರಿನ ಗಾಜಿನೊಳಗಿದೆಯೋ
ಆ ಊರಿನ ಹೆಸರನ್ನೇ ಸತ್ತವನಿಗಿಟ್ಟರು.

ಐದು ಮಾರ್ಕಿನ ಪ್ರಶ್ನೆ. ಬರೆದುಕೊಳ್ಳಿ.

ಕೊನೆಯ ಬೆಂಚಿನ ಜಕಿಯಾ ಬರೆದುಕೊಳ್ಳಲಿಲ್ಲ.
"ಸರ್, ಗೆರಿ ಹೊಡದಾಂವ ಒಬ್ಬ, ಖರೇ.
ಕಪ್ಪು ತುಂಬಿದವರು ಯಾರ್ರೀ?"

ಪುಸ್ತಕದಲ್ಲಿ ಇರಲಿಲ್ಲ.
ಗಂಟೆ ಹೊಡೆಯಿತು, ಪಾರಾದೆ.

*

ಶನಿವಾರ. ಬೀದರಿನ ಚೌಬಾರಾ ಹಿಂದಿನ ಓಣಿ, ಅವರ ಮನೆ.
ಮೊಣಕಾಲ ನಡುವೆ ಕಲ್ಲು, ಕಲ್ಲಿನ ಮೇಲೆ ಅರಗು,
ಅರಗಿಗೆ ಅಂಟಿ ಕೂತ ಹೂದಾನಿ.
ಅವಳ ಸೋದರಮಾವ ಮೊಹಿಯುದ್ದೀನ್ ಉಸ್ತಾದ್
ಉಳಿ ತಳ್ಳುತ್ತ ಅಫೀಮಿನ ಹೂ ಕೊರೆಯುತ್ತಿದ್ದರು.
ಪರದೆಯಾಚೆ ಟಕ್ ಟಕ್, ತುಸು ತಡೆದು, ಟಕ್:
ಬೆಳ್ಳಿತಾರ ಕೂಡಿಸುವ ಸುತ್ತಿಗೆ.

"ಅಮ್ಮಿ, ಖಾಲಾ, ಸೂಟಿ ಇದ್ದಾಗ ನಾ," ಎಂದಳು.
"ಅಂಗಡಿ ಚೀಟಿ ಮ್ಯಾಲ ಮಾಮೂ ಹೆಸರು.
ಅದೂ ತಪ್ಪು ಬರದಾರ."

ದುರಸ್ತಿಗೆ ಬಂದ ಪಾನದಾನವೊಂದನ್ನು
ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.
"ಇದು ನಮ್ಮ ನಾನೀದು."
ಹ್ಯಾಂಗ ಗೊತ್ತು?
"ಎಲಿ ಮುಗಿಯೋ ಕಡಿ ತಾರ ಎಡಕ್ಕ ಮುರದಾಳ ನೋಡ್ರಿ.
ಎಲ್ಲಾರೂ ಬಲಕ್ಕ ಮುರೀತಾರ. ಆಕಿ ಎಡಚಿ ಇದ್ಳು."

ಈ ಊರಿನ ಪಂಡಿತೆಗೆ ಹತ್ತೊಂಬತ್ತು ವರ್ಷ.

ಚಹಾ ಬಂತು. ಸುಮ್ಮನಿರಲಾರದೆ ಮತ್ತೆ ಪಾಠ ಹೇಳಿದೆ:
ಗ್ರೀಕ್ ಚಿತ್ರಕಾರರು ಕೆಲವರು ಹಡಗು ಹತ್ತಿ
ಇಟಲಿಯ ದಕ್ಷಿಣಕ್ಕೆ ಹೋಗಿ ಭಟ್ಟಿ ಹಾಕಿದರು,
ಅಲ್ಲಿನ ಮಣ್ಣು ಬಿಳಿಚು,
ಊರಿನ ಕೆಂಪು ನೆನೆದು ಮೇಲೊಂದು ಕೆಂಪು ಬಳಿದರು.

ಉಸ್ತಾದ್ ನಕ್ಕರು. ಹಲ್ಲಿನ ಸಂದಿಯಲ್ಲಿ ಅಡಿಕೆ.
ಅವರ ತಮ್ಮ ಹೈದರಾಬಾದಿಗೆ ಹೋಗಿ ಮೂವತ್ತು ವರ್ಷ.
ವರ್ಷಕ್ಕೊಂದು ಗೋಣಿಚೀಲ ಇಲ್ಲಿಂದ ರೈಲು ಹತ್ತುತ್ತದೆ,
ಟಿಟಿ ಕೇಳಿದರೆ ಮಣ್ಣು ಅನ್ನುತ್ತಾರೆ, ಅವನು ನಂಬುವುದಿಲ್ಲ.
"ಅಲ್ಲಿ ಮಣ್ಣಿಲ್ಲೇನು? ಅದ.
ಹಚ್ಚಿದ್ರ ಬೂದಿ ಆಗ್ತದ, ಕಪ್ಪಾಗಂಗಿಲ್ಲ.
ಖಿಲ್ಲೆ ಮಣ್ಣೇ ಬೇಕು, ಸೂರಜ್ ಕಾಣದ ಮಣ್ಣು."
ಡಬ್ಬಿ ತೆರೆದು ಚಿಟಿಕೆಯಷ್ಟು ನನ್ನ ಅಂಗೈಗೆ.
ನಾಲಿಗೆ ಮೇಲಿಟ್ಟು ನೋಡ್ರಿ.
ಇಟ್ಟೆ. ಮೊದಲು ಏನೂ ಇಲ್ಲ.
ಆಮೇಲೆ ಬಹಳ ಹೊತ್ತು ಏನೋ ಇತ್ತು.

ಅಂಗಳದಲ್ಲಿ ಸ್ಟೋವಿನ ಮೇಲೆ ಬೋಗುಣಿ: ನೀರು, ನವಸಾಗರ, ಆ ಮಣ್ಣು.
ಹೂದಾನಿ ಆಗ ಪೂರ್ತಿ ಬೆಳ್ಳಗೆ,
ಸತುವೆಲ್ಲಿ ಬೆಳ್ಳಿಯೆಲ್ಲಿ, ನನಗೆ ತಿಳಿಯಲಿಲ್ಲ,
ತಿಂಗಳ ಕೆಲಸ ಇದ್ದೂ ಇಲ್ಲದಂತೆ.
ಜಕಿಯಾಳ ತಾಯಿ ಇಕ್ಕಳದಲ್ಲಿ ಹಿಡಿದು ಕಾಸಿ
ಕೆಸರು ಹಚ್ಚಿ ತಿರುವಿ, ತಿರುವಿ,
ತಣ್ಣೀರಿಗೆ ಹಾಕಿದರು. ಚುಸ್ಸೆಂದಿತು.
ಎತ್ತಿದಾಗ ರಾತ್ರಿಯಷ್ಟು ಕಪ್ಪು,
ಅದರೊಳಗೆ ಹೂ.

ಅವರು ಹೂ ನೋಡಲಿಲ್ಲ.
ಕಪ್ಪನ್ನು ಬೆಳಕಿಗೆ ಓರೆ ಹಿಡಿದು, ಕುತ್ತಿಗೆಯ ಹತ್ತಿರ ತಡೆದು,
"ಇಲ್ಲಿ ಸ್ವಲ್ಪ ಕಮ್ಮಿ," ಎಂದು ಮತ್ತೆ ಹಚ್ಚಿದರು.

*

ಸೋಮವಾರ ಅದೇ ಗೋಡೆ, ಅದೇ ಹೂಜಿ.
ಚಿತ್ರ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು,
ಹುಡುಗ ಚೌಕಟ್ಟು ದಾಟಿ ಹೋಗುವ ತನಕ.
ಬರೀ ಕಪ್ಪು. ಅದರಲ್ಲಿ ಕುಂಚದ ಗೀರುಗಳು,
ಒಂದು ಕಡೆ ದಪ್ಪ, ಒಂದು ಕಡೆ ಅವಸರ,
ಹಿಮ್ಮಡಿಯ ಪಕ್ಕ ಬೆರಳಗಲ ಬಿಟ್ಟುಹೋಗಿ
ಕೆಂಪು ಹಣಕಿತ್ತು.

ಯಾರೋ ಕೂಗಿ ಕರೆದಿರಬೇಕು ಆಗ.