ಒಳಗ ಕೇಳಿ ಬರ್ತೇನಿ

ನವನಗರದ ಶೋರೂಮಿನ ಗಾಜಿನ ಬಾಗಲಾ
ತಾನ ತಗೀತು.
ನಮ್ಮಂಗಡಿಯಾಗ ಬಾಗಲಕ್ಕ ಬರೂದು ನಾನ,
"ಬರ್ರಿ, ನೋಡಾಕೇನು ರೊಕ್ಕಿಲ್ಲ" ಅನ್ನೂದೂ ನಾನ.
ಇಲ್ಲಿ ಆ ಮಾತಂದ ಹುಡುಗನ ಕೊರಳಾಗ ಟೈ,
ಎದಿಮ್ಯಾಲ ಹೆಸರಿನ ಪಟ್ಟಿ: ಲಾಲಸಾಬ ನದಾಫ.
ಮಾತು ನಂದು, ಬಾಯಿ ಅವಂದು.

ಇಪ್ಪತ್ತಾರು ವರ್ಷ ಇಳಕಲ್ಲಿನ ಗಾದಿಮ್ಯಾಲ ಕುಂತು
ಸೀರಿ ಮಾರೀನಿ.

ಮೊದಲ ಎಲ್ಲಾದಕ್ಕಿಂತ ತುಟ್ಟೀದು ತೋರಿಸಿದ.
ಗೊತ್ತೈತಿ ಬಿಡು.
ಹನ್ನೆರಡು ಸಾವಿರದ ರೇಷ್ಮಿ ಬಿಚ್ಚಿ ಹಾಸಿದಮ್ಯಾಲನ
ಐದು ಸಾವಿರದ್ದು ಸೋವಿ ಕಾಣೂದು.

"ಸರ್, ಒಮ್ಮಿ ಒಳಗ ಕುಂತು ನೋಡ್ರಿ"
ಬ್ಯಾಡ ಅಂತ ನಾ ಕಣ್ಣು ಮಾಡೂದ್ರಾಗ
ನಮ್ಮನಿಯವರು ಕುಂತಬಿಟ್ರು.
ಸೆರಗು ಹೆಗಲಿಗೆ ಬಿತ್ತಂದ್ರ
ಸೀರಿ ಅರ್ಧ ಮಾರಿದಂಗ,
ಇದು ನಮ್ಮತ್ತಿ ಕಲಿಸಿದ ಪಾಠ.
ಅವರು ಸ್ಟೇರಿಂಗ್ ಸವರಿದ್ರು,
ಹಾರ್ನ್ ಒತ್ತಿದ್ರು, ಒಂದಲ್ಲ, ಎರಡು ಸಲ.
ಒಂದೊಂದು ಹಾರ್ನಿಗೆ ಐದೈದು ಸಾವಿರ ಹೋತಂತ
ಅಲ್ಲೇ ಮನಸಿನಾಗ ಬರಕೊಂಡೆ.

ಹಾಳಿ ಬಂತು. ಒಂಬತ್ತು ಲಕ್ಷ ಎಂಬತ್ನಾಲ್ಕು ಸಾವಿರ.
ಕೆಳಗ ಇರವಿಯಂಥಾ ಅಕ್ಷರದಾಗ
ಹ್ಯಾಂಡ್ಲಿಂಗ್ ಚಾರ್ಜ್, ಎಂಟೂವರಿ ಸಾವಿರ.
"ಇದೇನಪಾ?"
"ಗಾಡಿ ಇಲ್ಲೀತನಕಾ ತರೂದಕ್ಕ, ಮೇಡಂ."
"ನಾ ಸೀರಿ ಗಂಟು ಕಟ್ಟಿ ಕೊಡ್ತೇನಿ.
ಗಂಟಿಗೆ ರೊಕ್ಕಾ ಹಚ್ಚೂದಿಲ್ಲ."
ನಕ್ಕ. ಪೆನ್ನು ತಗದು ಆ ಸಾಲು ಹೊಡದ.
ಇಷ್ಟು ಲಗೂನ ಹೊಡದನಂದ್ರ
ಹೊಡಿಯಾಕಂತನ ಬರದದ್ದು ಅದು.

ಆಗ ನಾ ಚೀಲದಾಗಿಂದ ಇನ್ನೊಂದು ಹಾಳಿ ತಗದೆ.
ವಿಜಯಪುರದ್ದು, ಸೋಲಾಪುರ ರಸ್ತೇದು,
ಇದ ಗಾಡಿ, ಇದ ಬಣ್ಣಾ, ಇಪ್ಪತ್ತೆರಡು ಸಾವಿರ ಕಡಿಮಿ.
ಅಂವ ಪೂರಾ ಓದಲೂ ಇಲ್ಲ.
"ಅವರದು ಹೋದ ವರ್ಷದ ಸ್ಟಾಕ್ ಇರಬೇಕ್ರಿ."
ಎದುರಂಗಡಿ ಬಗ್ಗೆ ನಾನೂ ಹಂಗ ಅಂತೇನಿ,
ಮಾರಿಮ್ಯಾಲ ಇದ ಸಂಕಟಾ ತಂದು:
"ಅವರದು ಪವರ್‌ಲೂಮ್ ಇರಬೇಕ್ರಿ."

"ಒಂದ ನಿಮಿಷ ಮೇಡಂ, ಒಳಗ ಸರ್‌ಗೆ ಕೇಳಿ ಬರ್ತೇನಿ."

ಒಳಗ.
ನಮ್ಮಂಗಡಿಯಾಗೂ ಒಂದು ಒಳಗ ಐತಿ.
ಹಸರು ಪರದೆ, ಅದರ ಹಿಂದ ಅತ್ತಿಯ ಹೊರಸು.
ಅಕಿ ಇದ್ದಾಗ ಖರೇನ ಕೇಳತಿದ್ದೆ.
ಮಲಗಿದಲ್ಲೇ ಬೆರಳು ಎತ್ತತಿದ್ಲು:
ಎರಡು ಅಂದ್ರ ಇನ್ನೂರು ಬಿಡು,
ಮುಷ್ಟಿ ಅಂದ್ರ ಹೋಗಲಿ ಅಕಿ.
ಹೋಗಿ ಒಂಬತ್ತು ವರ್ಷಾತು.
ಈಗೂ ಪರದೆ ಸರಿಸಿ ಹೋಗತೇನಿ,
ಖಾಲಿ ಹೊರಸಿನ ಮುಂದ ನಿಂತು
ಮೂವತ್ತು ಎಣಸತೇನಿ,
ಕೊಡದಾಗಿನ ನೀರು ಒಂದು ಗುಟುಕು ಕುಡದು
ಹೊರಗ ಬಂದು ಅಂತೇನಿ:
"ನಮ್ಮತ್ತಿ ಒಲ್ಲೆ ಅಂದ್ರು. ಆದ್ರೂ ನಿಮಗಂತ ಹೇಳಿ..."

ಇವರ ಒಳಗಕ್ಕ ಪರದೆ ಇಲ್ಲ, ಗಾಜು.
ಸರ್ ಇದ್ರು. ಫೋನಿನಾಗ ಇದ್ರು.
ತಲಿ ಎತ್ತಲಿಲ್ಲ.
ಹುಡುಗ ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ದ,
ಕ್ಯಾಲೆಂಡರಿನ ಮುಂದ,
ತುಟಿ ಸಣ್ಣಾಗಿ ಅಳಗಾಡತಿದ್ದುವು.
ನಾನೂ ಹೊರಗ ಎಣಿಸಿದೆ.
ಇಪ್ಪತ್ತೆಂಟಕ್ಕ ಬಂದ.

"ಹನ್ನೆರಡು ಬಿಟ್ಟಾರ್ರಿ. ನನಗೇನೂ ಉಳಿಯೂದಿಲ್ಲ."

ಎದ್ದೆ. ಎದ್ದು ಬಾಗಲತನಕಾ ಹೋಗೂದಕ್ಕ ಬೆಲಿ ಐತಿ,
ಕರೀತಾರ, ಕರದೇ ಕರೀತಾರ.
ಆದ್ರ ನಮ್ಮನಿಯವರು ಗಾಡ್ಯಾಗಿಂದ ಇಳೀಲಿಲ್ಲ.
ಏಸಿ ಕಡೆ ಕೈ ಹಿಡಕೊಂಡು
ಒಂದು ನಮೂನಿ ನಗಕೋತ ಕುಂತಾರ.
ಎದ್ದು ಹೋಗಾಕ ಜೋಡಿ ಬೇಕು.
ತಿರಗಿ ಬಂದು ಕುಂತೆ.

ಹದಿನೆಂಟಕ್ಕ ಮುಗೀತು.
ಮ್ಯಾಟು, ಮಡ್‌ಫ್ಲ್ಯಾಪು, ಅರ್ಧ ಟ್ಯಾಂಕ್ ಎಣ್ಣಿ.
ಇನ್ನೆರಡು ಸಾವಿರ ಜಗ್ಗಬಹುದಿತ್ತು, ಅದು ನನಗೂ ಗೊತ್ತು, ಅವಗೂ ಗೊತ್ತು.
ಮಾತಾಡಿ ಮಾತಾಡಿ ಅವನ ತುಟಿ ಒಣಗಿತ್ತು,
ಅವನ ಒಳಗದಾಗ ನೀರಿನ ಕೊಡಾ ಇದ್ದಿಲ್ಲ.
ನನಗ ಕೊಟ್ಟ ಬಾಟ್ಲಿ ಅವನ ಕಡೆ ಸರಿಸಿದೆ.
ಕುಡದ. ಅರ್ಧ ಬಾಟ್ಲಿ, ಒಂದ ಉಸರಿಗೆ.

ಸಹಿ ಆದಮ್ಯಾಲ ಕೇಳಿದ:
"ನಮ್ಮವ್ವಗೊಂದು ಇಳಕಲ್ ಕೊಡಸಬೇಕ್ರಿ,
ದಾಳಿಂಬರ ಬಣ್ಣದ್ದು, ತೋಪ ಸೆರಗಿಂದು.
ನನಗಂತ ಹೇಳಿ ಎಷ್ಟಕ್ಕ ಕೊಡ್ತೀರಿ?"

"ಅದನ್ನ ಒಳಗ ಕೇಳಬೇಕಪಾ."

ಹಿಂದ ಮೂರನೇ ಹಾರ್ನ್ ಆತು.
ಅದಕ್ಕ ಏನೂ ಬರಕೊಳ್ಳಲಿಲ್ಲ.