ಬೇರಿನ ಎಲೆ

ಜೆಪ್ಪಿನ ನಮ್ಮ ಬಾವಿ ಏಪ್ರಿಲಿಗೆ ಉಪ್ಪಾಗುತ್ತದೆ.
ಬಸಳೆ ಕೂಡ ಮುಖ ಸಣ್ಣ ಮಾಡಿಕೊಳ್ಳುತ್ತದೆ.
ಅಲ್ಲಿ ದ್ರಾಕ್ಷಿ ಬೆಳೆಸುತ್ತೇನೆ ಅಂದರು ಮಾರ್ಸೆಲ್ ಬಾಪ್ಪು,
ಮೂವತ್ತೊಂದು ವರ್ಷ ಕನ್ನಡ ಪಂಡಿತರಾಗಿದ್ದು
ನಿವೃತ್ತರಾದ ಮರುವಾರವೇ.

ವಿಜಯಪುರದ ಬಸ್ಸಿನಲ್ಲಿ ಬಂತು ಬೇರು,
ಒದ್ದೆ ಗೋಣಿಯೊಳಗೆ. ಡಾಗ್‌ರಿಜ್, ಕಾಡುಜಾತಿ.
ಉಪ್ಪಿಗೆ ಹೆದರದು,
ಹಣ್ಣಿನ ಆಸೆ ಮಾತ್ರ ಇಟ್ಟುಕೊಳ್ಳಬೇಡಿ
ಅಂದಿದ್ದನಂತೆ ಕೊಟ್ಟವನು.

ಮಳೆ ಕಳೆದು, ಕಾಂಡ ಪೆನ್ಸಿಲ್ ದಪ್ಪವಾದ ಮೇಲೆ
ಗೇಣೆತ್ತರಕ್ಕೆ ಕಡಿದು, ನಡು ಸೀಳಿ,
ಎರಡು ಕಣ್ಣಿನ ನೀಲದ್ರಾಕ್ಷಿ ಕಡ್ಡಿಯ ಬುಡವನ್ನು
ಗಡ್ಡದ ಬ್ಲೇಡಿನಲ್ಲಿ ಬೆಣೆಯಂತೆ ಹೆರೆದರು.
'ಹಸಿರಿಗೆ ಹಸಿರು ತಾಗಬೇಕು. ಕೈ ತೆಗೆ.'
ನಾನು ಐಸ್‌ಕ್ಯಾಂಡಿ ತೊಟ್ಟೆ ಸೀಳಿ ಪಟ್ಟಿ ಕೊಡುತ್ತಾ ಕೇಳಿದೆ:
ಇದು ಯಾವ ಸಂಧಿ ಬಾಪ್ಪು, ಲೋಪವೋ, ಆಗಮವೋ?
ನಗಲಿಲ್ಲ.
'ಬದುಕಿದರೆ ಹೇಳುತ್ತೇನೆ.'

ಬದುಕಿತು.
ಮೂರನೇ ವರ್ಷ ಹನ್ನೊಂದು ಗೊನೆ, ಎಲ್ಲ ಹುಳಿ.
ಲೀನಾ ಮಾವ್ಶಿ ಭರಣಿಗೆ ಸಕ್ಕರೆ ಸುರಿದು ಸುರಿದು ಸುಸ್ತಾದರು.

ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು
ಗಂಟಿನ ಕೆಳಗೆ ಚಿಗುರಿದ್ದನ್ನೆಲ್ಲ
ಹೆಬ್ಬೆರಳಲ್ಲಿ ಉಜ್ಜಿ ತೆಗೆಯುತ್ತಿದ್ದರು.
ಅದೇ ಹೆಬ್ಬೆರಳು
ಒಂದನೇ ಕ್ಲಾಸಿನ ನನ್ನ ಸ್ಲೇಟಿನಿಂದ
'ಉದಾಕ್' ಒರೆಸಿ 'ನೀರು' ಬರೆಸಿದ್ದು.

ಏಳನೇ ಮಳೆಗಾಲ, ಕಂಕನಾಡಿಯ ಆಸ್ಪತ್ರೆ.
ಜ್ವರ ಹತ್ತೊಂಬತ್ತು ದಿನ ಇಳಿಯಲಿಲ್ಲ.
ವಿಭಕ್ತಿ ತಪ್ಪಿದರೆ ಊಟ ಬಿಟ್ಟು ತಿದ್ದುತ್ತಿದ್ದವರು
ಒಂದು ರಾತ್ರಿ ಗೋಡೆಗೆ ಹೇಳಿದರು:
ಮಾಂಯ್, ಉದಾಕ್. ಇಲ್ಲೆಂ ಉದಾಕ್.
ಕೊಟ್ಟಾಯಂನ ನರ್ಸ್ ನನ್ನ ಮುಖ ನೋಡಿದಳು.
ನೀರು, ಅಂದೆ ನಾನು. ನೀರು ಕೇಳುತ್ತಿದ್ದಾರೆ.

ಮನೆಗೆ ಬಂದಾಗ
ಗಂಟಿನ ಮೇಲಿನದು ಬೂಷ್ಟು ಹಿಡಿದು ಕಪ್ಪು ಕಡ್ಡಿ.
ಕೆಳಗಿನಿಂದ ಎದ್ದ ಒಂದೇ ಒಂದು ಚಾಟಿ
ಬಟ್ಟೆ ಒಣಗಿಸುವ ತಂತಿ ದಾಟಿ
ಪಕ್ಕದ ಫ್ಲೋಸಿಬಾಯಿಯ ಟೆರೇಸು ಮುಟ್ಟಿತ್ತು.
ಸಣ್ಣ ಎಲೆ, ಗುಂಡಗೆ, ಒಳಕ್ಕೆ ತುಸು ಮಡಚಿ,
ಎಳೆಯದರ ಮೇಲೆ ಜೇಡರಬಲೆಯಂಥ ನವುರು.
ಬಸ್ಸಿನಿಂದ ಇಳಿದ ವರ್ಷ ಕಂಡಿದ್ದೆವು.
ಆಮೇಲೆ, ಅದಕ್ಕೊಂದು ಎಲೆಯಿದೆ ಎಂಬುದೇ
ನಮಗೆ ಮರೆತುಹೋಗಿತ್ತು.

ನಾನು ಬ್ಲೇಡು ತಂದೆ.
ಬಾಪ್ಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಒಂದೆಲೆ ಕಿತ್ತು, ಮಗುಚಿ, ಬೆಳಕಿಗೆ ಹಿಡಿದು
'ಇದು ಹೀಗಿತ್ತಾ' ಅಂದರು.

ಯಾವ ಭಾಷೆಯಲ್ಲಿ ಅಂದರೋ,
ಈಗ ಎಷ್ಟು ನೆನೆದರೂ ಸಿಗುತ್ತಿಲ್ಲ.