ಕಿರುಬೆರಳು

ಲಿಂದೋಸಿನ ಬಂದರಿನ ಮೇಲ್ಗಡೆ, ಕಂಬಸಾಲಿನ ನೆರಳಲ್ಲಿ
ದಾಮಾಗೊರ ಪಾಠ ಹೇಳುತ್ತಿದ್ದ.
ನಾನು ಹೋದದ್ದು ಪಾಠಕ್ಕಲ್ಲ, ಬಾಕಿ ವಸೂಲಿಗೆ.
ಏಳು ತಿಂಗಳ ಹಿಂದಿನ ಹೆರಿಗೆ, ಎರಡು ದ್ರಾಕ್ಮೆ.
ಕೊಡಬೇಕಾದವನು ಮುಂದಿನ ಸಾಲಿನಲ್ಲೇ ಕೂತಿದ್ದ,
ತಿಮಾಕ್ರಾತ, ದ್ರಾಕ್ಷಾರಸದ ವ್ಯಾಪಾರಿ,
ಮೊಣಕಾಲ ಮೇಲೆ ಮೇಣದ ಹಲಗೆ,
ಗುರು ಉಸಿರೆಳೆದಲ್ಲೆಲ್ಲ ತಲೆದೂಗುತ್ತ.

ಸೂಲಗಿತ್ತಿ ಕಂಬದ ಹಿಂದೆ ನಿಂತರೆ
ಯಾರ ಕಣ್ಣಿಗೂ ಬೀಳುವುದಿಲ್ಲ.
ನಿಂತೆ. ಕಿವಿಗೆ ಬಿತ್ತು.

"ಹುಟ್ಟಿದ ಜೀವ," ಎಂದ ಆತ,
"ಮೊದಲು ಮನೆಮಾಡುವುದು ತನ್ನಲ್ಲೇ.
ಸುಖಕ್ಕೂ ಮೊದಲು, ಹಾಲಿಗೂ ಮೊದಲು
ತನಗೆ ತಾನು ನಂಟ.
ಆಮೇಲೆ ಹೆತ್ತವರು, ಒಡಹುಟ್ಟು, ಊರು,
ಕೊನೆಗೆ ಮಾತು ತಿಳಿಯದ ಪರದೇಶಿಯೂ.
ಕಲಿಸಿದ್ದಲ್ಲ ಇದು. ಬಂದದ್ದೇ ಹೀಗೆ."

ಸರಿಯಪ್ಪ, ಅಂದುಕೊಂಡೆ.
ನನ್ನ ಗಂಡ ಸ್ಪಂಜಿಗೆ ಮುಳುಗುತ್ತಿದ್ದವನು.
ಉಸಿರು ತೀರುವಾಗ ಮನಸ್ಸು ಇನ್ನೊಂದು ಕೀಳೋಣ ಎನ್ನುತ್ತದಂತೆ,
ಮೈ ಕೇಳುವುದಿಲ್ಲ, ತಾನಾಗಿ ಮೇಲಕ್ಕೆ ಒದೆಯುತ್ತದಂತೆ.
ಒಂದು ಸಲ ಒದೆಯಲಿಲ್ಲ.

ಮತ್ತೆ, ಮುನ್ನೂರು ತಲೆಗಳನ್ನು ಈ ಅಂಗೈಯಲ್ಲಿ ಹಿಡಿದವಳು ನಾನು.
ಉಪ್ಪು ಸವರಿ, ಎಣ್ಣೆ ಹಚ್ಚಿ,
ಕಣ್ಣಿನ ಲೋಳೆ ಒರೆಸಿ ಮಲಗಿಸಿದರೆ
ಕೂಸು ಮೊದಲು ಹುಡುಕುವುದು ಮೊಲೆಯನ್ನಲ್ಲ.
ಗಾಳಿಯಲ್ಲಿ ಕೈ ಅಲೆದು ಅಲೆದು
ತನ್ನ ಕೆನ್ನೆಗೇ ತಾಗಿ ಬೆಚ್ಚುತ್ತದೆ,
ಇದ್ಯಾರು ಎಂಬಂತೆ.
ಇನ್ನೊಮ್ಮೆ ತಾಗುತ್ತದೆ. ಈ ಸಲ ಬೆಚ್ಚುವುದಿಲ್ಲ.
ಇಷ್ಟು ಹೇಳಲು ಅವನಿಗೆ ಇಡೀ ಬೆಳಗು ಬೇಕಾಯಿತು.

ಅಲ್ಲೇ ಒಬ್ಬ ಹುಡುಗ, ಮೀಸೆ ಮೂಡದವನು, ಎದ್ದು ಕೇಳಿದ:
"ತನ್ನಿಂದ ಇನ್ನೊಬ್ಬರ ಕಡೆ ಈ ನಂಟು
ದಾಟುವುದು ಎಲ್ಲಿ, ಗುರುವೇ?"
ದಾಮಾಗೊರ ಗಡ್ಡ ನೀವಿಕೊಂಡ.
ಹಡಗಿನ ಹಗ್ಗದ ಮಾತು ತೆಗೆದ, ಜೇನಿನ ಮಾತು ತೆಗೆದ.
"ಹೆತ್ತವರನ್ನೇ ನೋಡು. ಮರಿಯ ಮುಖ ಕಂಡ ಯಾವ ಪ್ರಾಣಿ
ಇದು ನನ್ನದಲ್ಲ ಎನ್ನುತ್ತದೆ?"
ತಿಮಾಕ್ರಾತ ಅದನ್ನು ಬರೆದುಕೊಂಡ.
ಮೇಣದಲ್ಲಿ ಕಡ್ಡಿ ಕೊರೆಯುವ ಸದ್ದು ನನಗೆ ಕೇಳಿಸಿತು.

ಆ ರಾತ್ರಿ ಅವನ ಮನೆಯಲ್ಲಿ
ಮೂರನೆಯದೂ ಹೆಣ್ಣು.
ಮುಖ ಕಾಣಲು ಅವನು ಒಳಗೇ ಬರಲಿಲ್ಲ.
ಆಳಿನ ಕೈಲಿ ಮಡಕೆ ಕಳಿಸಿದ,
ಅಗಲ ಬಾಯಿಯದು, ಬೇಳೆ ಬೇಯಿಸುವಂಥದು.
ತಾಯಿ ಗೋಡೆಯ ಕಡೆ ಹೊರಳಿದಳು.
ತಾನೇ ಹೊರಳಿದಳೋ, ಹೊರಳಿಸಿದರೋ, ನಾನು ನೋಡಲಿಲ್ಲ.

ಚರ್ಮ ಹದಮಾಡುವವರ ಓಣಿ ದಾಟಿ
ಕಣಗಿಲೆ ಹಳ್ಳದ ಬದಿ ಮಡಕೆ ಇಳಿಸಿದೆ.
ಹಿಂದೆಯೂ ಇಳಿಸಿದ್ದೇನೆ. ಎಷ್ಟು ಎಂದು ಕೇಳಬೇಡಿ.
ಬಟ್ಟೆ ಸರಿಮಾಡಲು ಕೈಹಾಕಿದರೆ
ಅದು ತನ್ನ ಮುಷ್ಟಿಯನ್ನು ತಾನೇ ಚೀಪುತ್ತಿತ್ತು.
ಮುಷ್ಟಿ ಜಾರಿತು. ಬಾಯಿ ತಡಕಿತು.
ಸಿಕ್ಕದ್ದು ನನ್ನ ಕಿರುಬೆರಳು.
ಅದನ್ನೂ ಚೀಪಿತು, ಅದೇ ಹಟದಲ್ಲಿ,
ತನ್ನದು ಬೇರೆ ನನ್ನದು ಬೇರೆ ಎಂಬ ಲೆಕ್ಕವಿಲ್ಲದೆ.

ಬಿಡಿಸಿಕೊಂಡು ನಡೆದೆ. ಹೌದು, ನಡೆದೆ.
ನಲವತ್ತು ಹೆಜ್ಜೆ.
ಕಡಲಗಾಳಿಗೆ ಒದ್ದೆ ಬೆರಳು ತಣ್ಣಗಾಯಿತು,
ಅದೊಂದೇ ಬೆರಳು.
ಮಿಕ್ಕ ಒಂಬತ್ತೂ ನನ್ನವು,
ಇದನ್ನು ಯಾರದೋ ಮನೆಯಿಂದ
ಕೇಳದೆ ತಂದುಬಿಟ್ಟಿದ್ದೇನೆ ಅನ್ನಿಸಿತು.

ಹುಡುಗ ಇನ್ನೂ ನಿಂತೇ ಇದ್ದ, ಉತ್ತರ ಸಾಲದೆ.
ಕಂಬದ ಹಿಂದಿನಿಂದ ಕೈ ಎತ್ತಬೇಕೆನಿಸಿತು. ಎತ್ತಲಿಲ್ಲ.
ಪಾಠ ಮುಗಿದ ಮೇಲೆ ಚಾಚಿದೆ, ಬಾಕಿಗೆ.
ತಿಮಾಕ್ರಾತ ಮುಖ ನೋಡದೆ ಎಣಿಸಿದ,
ಎರಡರಲ್ಲಿ ಒಂದು ಅಂಚು ಸವೆದದ್ದು.
ಬೆರಳ ಮೇಲಿನ ಹಲ್ಲಿನ ಗುರುತನ್ನು
ಅವನೇನು ಕೇಳಲಿಲ್ಲ.

ಆಡಿನ ಹಾಲಿನವಳಿಗೆ ಸವೆದದ್ದನ್ನೇ ಮೊದಲು ದಾಟಿಸಿದೆ.
ಒಳಗೆ, ಬುಟ್ಟಿಯಲ್ಲಿ,
ತನ್ನ ಕಾಲ್ಬೆರಳನ್ನು ಬಾಯಿಗೆ ತರಲು
ಉಸಿರು ಕಟ್ಟಿ ಹೆಣಗುತ್ತಿದ್ದಳು.
ಬಾಗಿಲ ಸದ್ದಿಗೆ ತಿರುಗಿದಳು.
ಕಾಲನ್ನು ಬಿಟ್ಟಳು.